ಎರವಲು ಹೋದ ಪುಸ್ತಕಗಳ ಪರದೆ

ಅಮೆರಿಕದ ಸಿಯಾಟಲ್ ನಗರದ ಕೇಂದ್ರ ಗ್ರಂಥಾಲಯದ ಡಿಜಿಟಲ್ ಕಲಾಕೃತಿಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ನಿವೃತ್ತ ಗ್ರಂಥಪಾಲಕರೊಬ್ಬರು ಎರಡು ಆಕ್ಷೇಪಗಳನ್ನು ಎತ್ತಿದ್ದಾರೆ. ಯಾವ ಪುಸ್ತಕ ಹೊರಗೆ ಹೋಯಿತೆಂದು ತೋರಿಸುವ ಪರದೆಗೂ ಬಸ್ ನಿಲ್ದಾಣದ ವೇಳಾಪಟ್ಟಿಯ ಫಲಕಕ್ಕೂ ವ್ಯತ್ಯಾಸವೇನು ಎಂಬುದು ಮೊದಲನೆಯದು. ಓದುಗರ ಆಯ್ಕೆಯನ್ನು ಹೀಗೆ ಎಲ್ಲರೆದುರು ಹರಡುವುದು ಗ್ರಂಥಪಾಲಕನಿಗೆ ಒಪ್ಪುವ ಕೆಲಸವೇ ಎಂಬುದು ಎರಡನೆಯದು.

ಸಂಪಾದಕರ ಉತ್ತರ:

ಮಾನ್ಯರೇ,

ತಮ್ಮ ಎರಡನೆಯ ಆಕ್ಷೇಪ ಹೆಚ್ಚು ತೂಕದ್ದಾದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಕಲಾವಿದ ಜಾರ್ಜ್ ಲೆಗ್ರಾಡಿ ರೂಪಿಸಿದ ‘ಮೇಕಿಂಗ್ ವಿಸಿಬಲ್ ದಿ ಇನ್‌ವಿಸಿಬಲ್’ ಎಂಬ ಈ ಕೃತಿಗೆ ಗ್ರಂಥಾಲಯದ ಕಂಪ್ಯೂಟರು ಗಂಟೆಗೊಮ್ಮೆ ಕಳಿಸುವುದು ಎರವಲಾದ ವಸ್ತುವಿನ ವಿವರವನ್ನು ಮಾತ್ರ: ಅದರ ಶೀರ್ಷಿಕೆ, ವರ್ಗ ಸಂಖ್ಯೆ, ಹೊರಗೆ ಹೋದ ವೇಳೆ, ಅದು ಪುಸ್ತಕವೋ ಡಿವಿಡಿಯೋ ಎಂಬುದು. ಒಯ್ದವರು ಯಾರೆಂಬುದು ಕಲಾವಿದನ ಕಡೆಗೆ ದಾಟುವುದೇ ಇಲ್ಲ. ಗಂಟೆಯ ಈ ಅಂತರವೂ ಒಂದು ಬಗೆಯ ಮರೆಯೇ. ಶೀರ್ಷಿಕೆ ಪರದೆಯ ಮೇಲೆ ತೇಲಿ ಬರುವ ಹೊತ್ತಿಗೆ ಅದನ್ನು ಒಯ್ದವರು ಕಟ್ಟಡವನ್ನೇ ಬಿಟ್ಟಿರುವ ಸಂಭವ ಹೆಚ್ಚು. ಹಾಗೆ ನೋಡಿದರೆ, ಓದುಗರ ಹೆಸರನ್ನೇ ಬರೆದಿಡುತ್ತಿದ್ದ ನಮ್ಮ ಹಳೆಯ ಎರವಲು ರಿಜಿಸ್ಟರು ಮೇಜಿನ ಮೇಲೆ ತೆರೆದೇ ಬಿದ್ದಿರುತ್ತಿತ್ತು. ನನ್ನ ಮುಂದೆ ಯಾರು ಯಾವ ಕಾದಂಬರಿ ಒಯ್ದಿದ್ದಾರೆಂದು ತಲೆಕೆಳಗಾಗಿ ಓದುವ ವಿದ್ಯೆ ನನಗೆ ಸಿದ್ಧಿಸಿದ್ದು ಅಲ್ಲಿಯೇ.

ಇನ್ನು ಬಸ್ ನಿಲ್ದಾಣದ ಫಲಕದ ಮಾತು. ಬಸ್ಸು ಯಾವಾಗ ಬರುತ್ತದೆಂದು ತಿಳಿದೊಡನೆ ಫಲಕದ ಕೆಲಸ ಮುಗಿಯಿತು. ಮತ್ತೆ ಅದರ ಕಡೆ ಕಣ್ಣೆತ್ತಿ ನೋಡುವವರಿಲ್ಲ. ಐದನೆಯ ಅಂತಸ್ತಿನ ವಿಚಾರಣಾ ಮೇಜಿನ ಹಿಂದೆ ಸಾಲಾಗಿ ನಿಲ್ಲಿಸಿರುವ ಆರು ಪರದೆಗಳಿಂದ ಅಂಥ ಉಪಯೋಗ ಯಾರಿಗೂ ಇಲ್ಲ. ಒಮ್ಮೆ ಅಲ್ಲಿ ಕಳೆದ ಗಂಟೆಯ ಶೀರ್ಷಿಕೆಗಳು ಹೊರಗೆ ಹೋದ ಕ್ರಮದಲ್ಲಿಯೇ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತೇಲಿ ಹೋಗುತ್ತವೆ. ಇನ್ನೊಮ್ಮೆ ಡ್ಯೂಯಿ ದಶಮಾಂಶ ವರ್ಗಗಳೆಲ್ಲ, ಅಂದರೆ ಪುಸ್ತಕಗಳನ್ನು ವಿಷಯವಾರು ಜೋಡಿಸಲು ಕೊಡುವ ಸಂಖ್ಯೆಗಳೆಲ್ಲ, ಒಂದು ಜಾಲವಾಗಿ ಹರಡಿಕೊಂಡು, ಎರವಲಾದ ಪುಸ್ತಕದ ಸಂಖ್ಯೆ ಎಲ್ಲಿದೆಯೋ ಅಲ್ಲಿ ಬೆಳಕು ಮೂಡುತ್ತದೆ. ಪಾಕಶಾಸ್ತ್ರದ 641 ಬೆಳಗುವಾಗ ಖಗೋಳದ 520 ಕತ್ತಲಲ್ಲಿದ್ದರೆ, ಆ ಒಂದು ಗಂಟೆ ಊರಿನ ಮನಸ್ಸು ಎತ್ತ ಇತ್ತೆಂಬುದನ್ನು ಮೇಜಿನ ಮುಂದೆ ನಿಂತವರು ಊಹಿಸಬಹುದು. ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯ ಮೇಲೆ ನೇರಳೆ ಶಾಯಿಯ ದಿನಾಂಕಗಳನ್ನು ತಾವು ವರ್ಷಗಟ್ಟಲೆ ಒತ್ತಿದವರು. ಒಂದು ಪುಸ್ತಕ ಮೂರು ತಿಂಗಳಲ್ಲಿ ಎಂಟು ಸಲ ಹೋಗಿ, ಆಮೇಲೆ ಹನ್ನೊಂದು ವರ್ಷ ಕಪಾಟಿನಲ್ಲೇ ಕುಳಿತದ್ದನ್ನು ಆ ಚೀಟಿ ಹೇಳುತ್ತಿತ್ತಲ್ಲವೇ? ಲೆಗ್ರಾಡಿ ಮಾಡಿರುವುದು ಊರಿನ ಚೀಟಿಗಳನ್ನೆಲ್ಲ ಒಟ್ಟಿಗೆ ಹಿಡಿದು ತೋರಿಸುವ ಕೆಲಸವನ್ನು. ಈ ಪರದೆಗಳನ್ನು ಬಿಚ್ಚಿ ವಿಮಾನ ನಿಲ್ದಾಣದಲ್ಲಿ ತೂಗುಹಾಕಿದರೆ ಅವಕ್ಕೆ ಅರ್ಥ ಉಳಿಯದು. ಸಾರ್ವಜನಿಕ ಕಟ್ಟಡಗಳಲ್ಲಿ ಈಗ ಕಾಣುವ ಬಹುಪಾಲು ಡಿಜಿಟಲ್ ಅಲಂಕಾರಗಳನ್ನು ಎಲ್ಲಿಗೆ ಬೇಕಾದರೂ ಸಾಗಿಸಬಹುದು, ಆದ್ದರಿಂದಲೇ ಅವು ನನ್ನನ್ನು ಹಿಡಿದು ನಿಲ್ಲಿಸುವುದಿಲ್ಲ.

ಹಣದ ವಿಷಯವನ್ನೂ ತಾವು ಪ್ರಾಸಂಗಿಕವಾಗಿ ಕೇಳಿದ್ದೀರಿ. ನಗರದ ಅರ್ಹ ನಿರ್ಮಾಣ ಕಾಮಗಾರಿಗಳ ವೆಚ್ಚದಲ್ಲಿ ಶೇ. 1ರಷ್ಟನ್ನು ಕಲೆಗೆ ತೆಗೆದಿಡಬೇಕೆಂಬ ನಿಯಮ ಸಿಯಾಟಲ್‌ನಲ್ಲಿ 1973ರಿಂದಲೇ ಇದೆ. ಈ ಕೃತಿಗೆ ಹಣ ಬಂದದ್ದೂ ಆ ಬಾಬಿನಿಂದಲೇ.

ತಾವು ಎತ್ತದೆ ಬಿಟ್ಟ, ನನ್ನ ಮಟ್ಟಿಗೆ ಎರಡಕ್ಕಿಂತಲೂ ಗಟ್ಟಿಯಾದ ಆಕ್ಷೇಪವೊಂದಿದೆ. ಕೃತಿ ಡ್ಯೂಯಿ ವರ್ಗೀಕರಣವನ್ನು ನೆಚ್ಚಿಕೊಂಡಿರುವುದರಿಂದ ಅದರ ಓರೆಕೋರೆಗಳೂ ಪರದೆಗೆ ಏರುತ್ತವೆ. ಧರ್ಮಕ್ಕೆ ಮೀಸಲಾದ 200ರ ಸಾಲಿನಲ್ಲಿ 220ರಿಂದ 280ರವರೆಗಿನ ಹರವು ಕ್ರೈಸ್ತ ಮತಕ್ಕೆ ಸಂದಿದ್ದರೆ, ಉಳಿದ ಧರ್ಮಗಳೆಲ್ಲ 290ರ ಮೂಲೆಯಲ್ಲಿ ಒತ್ತಿಕೊಂಡಿವೆ. ಇಂಗ್ಲಿಷ್ ಸಾಹಿತ್ಯಕ್ಕೆ 820ರ ಇಡೀ ಸಾಲು ಸಿಕ್ಕರೆ ಕನ್ನಡ ಸಾಹಿತ್ಯವನ್ನು ಹುಡುಕಲು 894.814ರವರೆಗೆ ಇಳಿಯಬೇಕು, ಪೂರ್ಣಾಂಕಗಳ ಜಾಲದಲ್ಲಿ ನಮ್ಮ ಪುಸ್ತಕ ಬೆಳಗಿದರೂ ಅದು ನಮ್ಮದೆಂದು ತಿಳಿಯದು. ಭಾರತದ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು ರೂಪಿಸಿದ ಕೋಲನ್ ಎಂಬ ವರ್ಗೀಕರಣ ಪದ್ಧತಿಯನ್ನು ಬಲ್ಲ ತಮ್ಮಂಥವರು ಈ ಬಗ್ಗೆ ಬರೆದರೆ ಪತ್ರಿಕೆ ಸಂತೋಷದಿಂದ ಪ್ರಕಟಿಸುತ್ತದೆ.

ಕೊನೆಯಲ್ಲಿ ಒಂದು ತಿದ್ದುಪಡಿ. ಕಲಾಕೃತಿಯೂ ಕಟ್ಟಡದ ಜೊತೆಗೇ ಆರಂಭವಾಯಿತೆಂದು ಲೇಖನದಲ್ಲಿ ಅಚ್ಚಾಗಿದೆ. ಕಟ್ಟಡ ತೆರೆದದ್ದು 2004ರ ಮೇ ತಿಂಗಳಲ್ಲಿ. ಪರದೆಗಳು ಕೆಲಸ ಆರಂಭಿಸಿದ್ದು 2005ರ ಸೆಪ್ಟೆಂಬರಿನಲ್ಲಿ. ತಪ್ಪು ನಮ್ಮದು.

– ಸಂಪಾದಕ