ಮುಂಬಯಿಯ ಮಾಟುಂಗಾ ಸ್ಟೇಷನ್ ಹತ್ತಿರ ದಕ್ಷಿಣದವರೇ ಯಾಕೆ ಜಾಸ್ತಿ?

ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಪ್ಲೇಗಿನ ಕಾಲಕ್ಕೆ ಹೋಗಬೇಕು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಊರು ತುಂಬಿ ತುಳುಕುತ್ತಿತ್ತು. ಹಾಗಾಗಿ 1898ರಲ್ಲಿ ಊರನ್ನು ಸುಧಾರಿಸಲು ಇಂಪ್ರೂವ್‌ಮೆಂಟ್ ಟ್ರಸ್ಟ್ ಅನ್ನೋ ಸಂಸ್ಥೆ ಮಾಡಿ, ಮುಂದೆ ದಾದರ್, ಮಾಟುಂಗಾ ಕಡೆ ಅಗಲ ರಸ್ತೆಗಳ ಹೊಸ ಬಡಾವಣೆ ಹಾಕಿದರು. ಗುಮಾಸ್ತೆ, ಟೈಪಿಸ್ಟ್ ಕೆಲಸಕ್ಕೆ ಬಂದ ತಮಿಳರು, ಕನ್ನಡಿಗರು, ತುಳುವರು ಇಲ್ಲೇ ಮನೆ ಹಿಡಿದರು. ಆಫೀಸಿಗೆ ಹೋಗಲು ಲೋಕಲ್ ರೈಲು ಇತ್ತಲ್ವಾ!

ಮನೆ ಬಿಟ್ಟು ಬಂದವರಿಗೆ ಊಟ ಬೇಕು. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಎದುರಿಗೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ನಡೆಯುತ್ತಿದೆ, ಬಾಳೆ ಎಲೆ ಊಟ ಈಗಲೂ ಸಿಗುತ್ತದೆ. ಸುತ್ತ ಮಲ್ಲಿಗೆ ದಂಡೆ, ಬಾಳೆಲೆ, ಕರಿಬೇವು ಮಾರುವವರು. ಕಣ್ಣು ಮುಚ್ಚಿ ನಿಂತರೆ ಮೂಗಿಗೆ ಊರೇ ಬಂದಂತೆ! ಹತ್ತಿರದಲ್ಲೇ 1926ರ ಮೈಸೂರು ಅಸೋಸಿಯೇಷನ್ ಇದೆ.

ಸ್ಟೇಷನ್ ಮಾತ್ರ ಸಣ್ಣದು, ಎಲ್ಲಾ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್‌ಗಳಷ್ಟೇ ಇಲ್ಲಿ ನಿಲ್ಲುತ್ತವೆ. ಆದರೆ 2017ರಲ್ಲಿ ಟಿಕೆಟ್ ಕೌಂಟರಿನಿಂದ ಸ್ಟೇಷನ್ ಮ್ಯಾನೇಜರ್‌ವರೆಗೆ ಪೂರ್ತಿ ಹೆಂಗಸರೇ ನಡೆಸುವ ಸ್ಟೇಷನ್ ಆಗಿ ಹೆಸರು ಮಾಡಿತು. ಅಂದ ಹಾಗೆ, ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್ ಬೇರೆ ಸ್ಟೇಷನ್. ಸುಮ್ನೆ ಅಲ್ಲಿ ಇಳಿದು ಇಡ್ಲಿ ಹುಡುಕಬೇಡಿ, ಪೂರ್ವಕ್ಕೆ ನಡೆಯಬೇಕಾಗುತ್ತದೆ.