ಫೋಲ್ಡರ್ ಮಾಡ್ಕೊಟ್ರೂ ಯಾರೂ ಬರೀತಿಲ್ಲ, ಏನ್ಮಾಡ್ಲಿ?

ಪ್ರಶ್ನೆ: ನಮಸ್ಕಾರ ಸಾರ್. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಲಿ ಮೇಂಟೆನೆನ್ಸ್ ಟೀಮ್ ಲೀಡರ್ ನಾನು, 12 ಜನ ಇದಾರೆ. ಹೋದ ವರ್ಷ ಒಬ್ಬ ಸೀನಿಯರ್ ಕೆಲ್ಸ ಬಿಟ್ರು, ಆಮೇಲೆ ಒಂದು ಹಳೇ ಮೆಷಿನ್ ಕೆಟ್ಟಾಗ ಎರಡು ದಿನ ಯಾರಿಗೂ ಏನೂ ತೋಚ್ಲಿಲ್ಲ, ಕೊನೆಗೆ ಅವ್ರಿಗೇ ಫೋನ್ ಮಾಡಿದ್ರೆ ಐದು ನಿಮಿಷದಲ್ಲಿ ಹೇಳಿದ್ರು. ಈಗ ಇನ್ನೊಬ್ರು ಮಾರ್ಚ್‌ನಲ್ಲಿ ರಿಟೈರ್ ಆಗ್ತಾರೆ. ಗೊತ್ತಿರೋದನ್ನ ಬರೆದಿಡಿ ಅಂತ ಫೋಲ್ಡರ್ ಮಾಡ್ಕೊಟ್ಟೆ, ಆರು ತಿಂಗಳಾದ್ರೂ ಎರಡೇ ಫೈಲ್ ಇದೆ. ವಾಟ್ಸಾಪ್ ಗ್ರೂಪಲ್ಲಿ ಎಲ್ಲಾ ಇದೆ ಅಂತಾರೆ, ಹುಡುಕಿದ್ರೆ ಸಿಗಲ್ಲ.
– ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರ ಓದಿ ನಂಗೆ ಮಂಡ್ಯದ ಕಡೆ ಆಲೆಮನೆ ನೆನಪಾಯ್ತು. ಕೊಪ್ಪರಿಗೆಲಿ ಕಬ್ಬಿನ ಹಾಲು ಕುದಿಯೋವಾಗ ಪಾಕ ನೋಡೋರು ಒಂಚೂರು ತೆಗೆದು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾರೆ, ಹದ ಬಂತು ಅಂದ್ರೆ ತಕ್ಷಣ ಇಳಿಸ್ಬೇಕು, ತಡ ಆದ್ರೆ ಬೆಲ್ಲ ಕೆಟ್ಟೋಗತ್ತೆ. ಅವ್ರ ಕೈಗೆ ಪೆನ್ನು ಕೊಟ್ಟು ಹದ ಅಂದ್ರೇನು ಬರೀರಿ ಅಂದ್ರೆ ಏನಂತ ಬರೀತಾರೆ ಪಾಪ? ಕೈಗೆ ಗೊತ್ತು, ಮಾತಿಗೆ ಬಂದಿಲ್ಲ. ಮೈಕೆಲ್ ಪೊಲಾನ್ಯಿ ಅನ್ನೋ ಚಿಂತಕರು ಇದನ್ನೇ ಟ್ಯಾಸಿಟ್ ನಾಲೆಡ್ಜ್ ಅಂದ್ರು. ನಿಮ್ಮ ಸೀನಿಯರ್ ಬರೀದೆ ಇರೋದು ಸೋಮಾರಿತನ ಅಂತ ಖಂಡಿತ ಅನ್ಕೋಬೇಡಿ.

ಬರೆಯೋ ಕೆಲ್ಸ ಕಲಿಯೋರಿಗೆ ಕೊಡಿ. ವಾರಕ್ಕೊಂದು ಮೆಷಿನ್ ಸಾಕು, ಒಬ್ಬ ಹುಡುಗನ್ನ ಅವ್ರ ಜೊತೆ ಬಿಡಿ, ಅವನು ಯಾಕೆ ಸಾರ್ ಹಿಂಗೆ ಅಂತ ಕೇಳ್ತಾ ಕೇಳ್ತಾ ಅವನಿಗೆ ಬರೋ ಕನ್ನಡದಲ್ಲೇ ಬರ್ಕೊಳ್ಳಲಿ, ಫೋಟೋ ತೆಗೀಲಿ, ಶಬ್ದ ಕೇಳಿ ಕಂಡುಹಿಡಿಯೋ ಫಾಲ್ಟ್ ಆದ್ರೆ ಮೊಬೈಲಲ್ಲಿ ವಿಡಿಯೋ ಮಾಡ್ಲಿ, ಸಂಜೆ ಸೀನಿಯರ್ ಅದನ್ನ ಓದಿ ತಿದ್ದಲಿ. ಮುಂದಿನ ವಾರ ಅದೇ ಕೆಲ್ಸ ಹುಡುಗ ಒಬ್ಬನೇ ಆ ನೋಟ್ಸ್ ನೋಡ್ಕೊಂಡು ಮಾಡ್ಬೇಕು, ಸೀನಿಯರ್ ಪಕ್ಕದಲ್ಲಿ ನಿಂತಿರ್ಲಿ, ಮಾತಾಡೋದು ಬೇಡ (ಅಪಾಯ ಅನ್ಸಿದ್ರೆ ಮಾತ್ರ ತಡೀಲಿ). ಅವನು ಎಲ್ಲಿ ತಡವರಿಸ್ತಾನೋ ಅಲ್ಲಿ ನೋಟ್ಸಲ್ಲಿ ಏನೋ ಬಿಟ್ಟೋಗಿದೆ ಅಂತ ಅರ್ಥ.

ಮೆಷಿನ್ ಕೆಟ್ಟು ರಿಪೇರಿ ಆದ ದಿನಾನೇ ಹತ್ತು ನಿಮಿಷ ಎಲ್ರೂ ಸೇರಿ. ಅಮೆರಿಕದ ಸೈನ್ಯದಲ್ಲಿ 1970ರ ದಶಕದಿಂದ ತರಬೇತಿ ಮುಗಿದ್ಮೇಲೆ ಹಿಂಗೆ ಕೂರ್ತಾರೆ: ಏನಾಗ್ಬೇಕಿತ್ತು, ಏನಾಯ್ತು, ಯಾಕಾಯ್ತು, ಮುಂದಿನ ಸಲ ಏನ್ಮಾಡೋದು. ಯಾರಿಂದ ಆಯ್ತು ಅನ್ನೋ ಪ್ರಶ್ನೆ ಅದ್ರಲ್ಲಿ ಇಲ್ಲ ನೋಡಿ. ಒಂದು ಸಲ ನೀವು ಅಲ್ಲಿ ಬೈದ್ರೆ ಆಮೇಲೆ ಯಾರೂ ಬಾಯಿ ಬಿಡಲ್ಲ, ಹಂಗಾಗಿ ಮೊದ್ಲು ನಿಮ್ಮ ತಪ್ಪನ್ನೇ ಹೇಳಿ.

ಎಲ್ಲಾ ಹೇಳ್ಕೊಟ್ರೆ ನಮ್ಮ ಬೆಲೆ ಹೋಗತ್ತೆ ಅನ್ನೋ ಭಯ ಸುಮಾರು ಜನಕ್ಕೆ ಇರತ್ತೆ, ಅದು ಸುಳ್ಳು ಭಯ ಅಂತ ನಾನು ಹೇಳಲ್ಲ. 1990ರ ದಶಕದಲ್ಲಿ ಜೆರಾಕ್ಸ್ ಕಂಪನಿಲಿ ಕಾಪಿಯರ್ ರಿಪೇರಿ ಮಾಡೋರು ತಮಗೆ ಗೊತ್ತಾದ ಉಪಾಯಗಳನ್ನ ಯುರೇಕಾ ಅನ್ನೋ ಸಿಸ್ಟಮ್‌ಗೆ ಹಾಕ್ತಿದ್ರು, ಬೇರೆ ಅನುಭವಸ್ಥರು ನೋಡಿ ಸರಿ ಅಂದ್ಮೇಲೆ ಬರೆದೋರ ಹೆಸರಿನ ಜೊತೆನೇ ಎಲ್ರಿಗೂ ಹೋಗ್ತಿತ್ತು. ನೀವೂ ಪ್ರತಿ ನೋಟ್ಸ್ ಮೇಲೆ ಕಲಿಸಿದೋರ ಹೆಸರು, ತಾರೀಖು ಹಾಕಿ, ಮ್ಯಾನೇಜರ್ ಮುಂದೆ ಅವ್ರ ಹೆಸರು ಎತ್ತಿ ಹೇಳಿ.

ವಾಟ್ಸಾಪ್ ಕೇಳೋಕೆ ಇರ್ಲಿ, ಇಟ್ಕೊಳ್ಳೋಕೆ ಬೇಡ. ಅಲ್ಲಿ ಒಳ್ಳೇ ಉತ್ತರ ಬಂದ್ರೆ ಕೇಳಿದೋರೇ ಅದನ್ನ ಫೋಲ್ಡರ್‌ಗೆ ಹಾಕ್ಬೇಕು ಅನ್ನೋ ರೂಲ್ ಮಾಡಿ.

ಮಾರ್ಚ್ ದೂರ ಇಲ್ಲ. ನಾಳೆನೇ ಹುಡುಗ್ರನ್ನ ಕೇಳಿ, ಆ ಯಜಮಾನ್ರು ಇವತ್ತು ರಜಾ ಹಾಕಿದ್ರೆ ಯಾವ್ಯಾವ ಕೆಲ್ಸ ನಿಲ್ಲತ್ತೆ ಅಂತ. ಆ ಪಟ್ಟಿಲಿ ಮೊದ್ಲು ಬರೋ ಮೆಷಿನ್ನಿಂದ ಶುರು ಮಾಡಿ.