ಶಿಷ್ಯ ಔಟಾದ್ರೆ ಖುಷಿ ಆಗುತ್ತೆ ಅಂದ ಕೋಚ್

ನನ್ನ ಹತ್ರ ಕೌನ್ಸೆಲಿಂಗ್‌ಗೆ ಇಂಥದ್ದೇ ಕೇಸು ಮೂರನೇ ಸಲ ಬಂತು, ಅದಕ್ಕೇ ಬರೀತಿದ್ದೀನಿ. ಮೊದಲು ಒಬ್ರು ಸಂಗೀತದ ಮೇಷ್ಟ್ರು, ಆಮೇಲೆ ಒಬ್ರು ಡ್ಯಾನ್ಸ್ ಟೀಚರ್, ಈಗ ಮೈಸೂರಲ್ಲಿ ಮಕ್ಕಳಿಗೆ ಕ್ರಿಕೆಟ್ ಹೇಳ್ಕೊಡೋ ಕೋಚ್. ಗುರುತು ಸಿಗಬಾರ್ದು ಅಂತ ವಿವರ ಬದಲಾಯಿಸಿದ್ದೀನಿ. ವಯಸ್ಸು ನಲವತ್ತರ ಹತ್ರ, ಝೋನ್ ತನಕ ಆಡಿದ್ರು, ಸ್ಟೇಟ್ ಟೀಮ್ ಸಿಗ್ಲಿಲ್ಲ. ಮಕ್ಕಳ ಮೇಲೆ ಸುಮ್‌ಸುಮ್ನೆ ರೇಗ್ತಾರೆ ಅಂತ ಹೆಂಡ್ತಿ ಕರ್ಕೊಂಡು ಬಂದಿದ್ರು.

ಎರಡು ಸಲ ಬರೀ ಕೋಪದ ಮಾತೇ ಆಯ್ತು. ಮೂರನೇ ಸಲ ಒಬ್ರೇ ಬಂದ್ರು, ತುಂಬ ಹೊತ್ತು ಸುಮ್ನೆ ಕೂತಿದ್ದು ಆಮೇಲೆ, "ಮೇಡಂ, ನಮ್ಮಲ್ಲಿ ಒಬ್ಬ ಹದಿನೈದು ವರ್ಷದ ಹುಡುಗ ಇದಾನೆ, ಆ ವಯಸ್ಸಲ್ಲಿ ನಾನಿದ್ದಿದ್ದಕ್ಕಿಂತ ಚೆನ್ನಾಗ್ ಆಡ್ತಾನೆ. ಅವ್ನು ಮ್ಯಾಚಲ್ಲಿ ಔಟಾದ್ರೆ ನಂಗೆ ಒಳಗೊಳಗೇ ಖುಷಿ ಆಗುತ್ತೆ" ಅಂದ್ರು. ಅಂದೋರು ತಲೆ ಎತ್ತಲೇ ಇಲ್ಲ. ನೆಟ್ಸಲ್ಲಿ ತೋರಿಸ್ಕೊಡ್ತೀನಿ ಅಂತ ಬ್ಯಾಟ್ ಇಸ್ಕೊಂಡು ತಾವೇ ಅರ್ಧ ಗಂಟೆ ಆಡ್ತಾರಂತೆ, ಹುಡುಗ ಬಾಲ್ ಹೆಕ್ಕೊಂಡು ನಿಂತಿರ್ತಾನಂತೆ.

ಆಡೋದು ಯಾವಾಗ ನಿಲ್ಸಿದ್ರಿ ಅಂತ ಕೇಳ್ದೆ. 2010ರ ಜನವರಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್, ಮುಂಬೈ ಮೇಲೆ ಕರ್ನಾಟಕ ಬರೀ 6 ರನ್ನಲ್ಲಿ ಸೋತ ದಿನ. "ಅಕ್ಕಪಕ್ಕದೋರೆಲ್ಲ ಟೀಮ್ ಸೋತಿದ್ದಕ್ಕೆ ಅಳ್ತಿದ್ರು ಮೇಡಂ, ನಾನು ಆ ಟೀಮಲ್ಲಿ ಇಲ್ವಲ್ಲಾ ಅಂತ ಅಳ್ತಿದ್ದೆ." ಆ ವಾರವೇ ಕಿಟ್ ಬ್ಯಾಗ್ ಅಟ್ಟಕ್ಕೆ ಹೋಯ್ತು. ಯಾಕೆ ಅಂತ ಯಾರೂ ಕೇಳ್ಲಿಲ್ಲ.

ಮನೇಲಿ ಎಲ್ರೂ ದ್ರಾವಿಡ್‌ನ ನೋಡು ಅಂತಾರಂತೆ, 2007ರ ವರ್ಲ್ಡ್ ಕಪ್ಪಲ್ಲಿ ಕ್ಯಾಪ್ಟನ್ ಆಗಿ ಮೊದಲ ಸುತ್ತಲ್ಲೇ ಸೋತು ಬಂದೋರು 2024ರಲ್ಲಿ ಕೋಚ್ ಆಗಿ ಟಿ20 ಕಪ್ ಗೆದ್ರಲ್ಲ ಅಂತ. ಈ ಉದಾಹರಣೆ ಇವ್ರಿಗೆ ಕೊಡಬಾರ್ದು ಅಂತ ನನ್ ಅಭಿಪ್ರಾಯ. ದ್ರಾವಿಡ್ 164 ಟೆಸ್ಟ್ ಆಡಿ, 13,288 ರನ್ ಹೊಡೆದು ಬ್ಯಾಟ್ ಕೆಳಗಿಟ್ಟೋರು. ಊಟ ಮುಗಿಸಿ ಎದ್ದೋರು ಬಡಿಸೋದಕ್ಕೂ, ಎಲೆ ಮುಂದಿಂದ ಹಸಿದೇ ಎದ್ದೋರು ಬಡಿಸೋದಕ್ಕೂ ವ್ಯತ್ಯಾಸ ಇರಲ್ವಾ?

ಕೋಚಿಂಗ್ ಬಿಡಬೇಡಿ ಅಂದೆ. ನೆಟ್ಸಲ್ಲಿ ಬ್ಯಾಟ್ ಮುಟ್ಟಬೇಡಿ, ಹತ್ರದಿಂದ ಕೈಯಲ್ಲಿ ಬಾಲ್ ಎಸೆದು ಆಡಿಸೋ ಥ್ರೋಡೌನ್ ಮಾತ್ರ ಕೊಡಿ, ಆ ಹುಡುಗನ್ನ ಯಾವ ಮ್ಯಾಚಿಗೆ ಆಡಿಸ್ಬೇಕು ಅನ್ನೋದನ್ನ ಸದ್ಯಕ್ಕೆ ಜೊತೆಯ ಕೋಚ್ ತೀರ್ಮಾನ ಮಾಡ್ಲಿ, ಭಾನುವಾರ ನಿಮ್ಮ ವಯಸ್ಸಿನೋರ ಜೊತೆ ನೀವು ಆಡಿ, ಸೊನ್ನೆಗೆ ಔಟಾದ್ರೂ ಪರ್ವಾಗಿಲ್ಲ, ಅದು ನಿಮ್ಮ ಸೊನ್ನೆ ಅಂದೆ. ಹುಡುಗನಿಂದ ದೂರ ಇರಿ ಅಂತ ಹೇಳ್ಬೇಕಿತ್ತು ಅಂತ ನನ್ನ ಜೊತೆ ಕೆಲಸ ಮಾಡೋರೊಬ್ರು ಬೇಜಾರ್ ಮಾಡ್ಕೊಂಡ್ರು. ಅವನಿಗೆ ಅವಮಾನ ಮಾಡಿದ್ರೆ, ಬೇಕಂತ ಕೂರಿಸಿದ್ರೆ ಅದನ್ನೂ ಹೇಳ್ತಿದ್ದೆ. ಆದ್ರೆ ಹೊಟ್ಟೆಕಿಚ್ಚನ್ನ ಬಾಯಿಬಿಟ್ಟು ಒಪ್ಕೊಂಡೋರಿಗೆ ಕೆಲಸ ಬಿಡಿ ಅಂದ್ರೆ ಇನ್ನೊಬ್ರು ಬಂದು ಹೇಳ್ಕೊಳ್ತಾರಾ, ಮುಚ್ಚಿಟ್ಕೊಂಡೇ ಮಕ್ಕಳ ಮುಂದೆ ನಿಂತಿರ್ತಾರೆ.

ಈಗ ನಾಲ್ಕು ಭಾನುವಾರ ಆಡಿದಾರೆ. ಮೊನ್ನೆ ಬಂದಾಗ ಮೊಣಕಾಲು ಊದಿತ್ತು, ಕೂರೋಕೆ ಕಷ್ಟಪಡ್ತಿದ್ರು. ಆ ಖುಷಿ ಇನ್ನೂ ಬರುತ್ತೆ ಮೇಡಂ, ಆದ್ರೆ ಜಾಸ್ತಿ ಹೊತ್ತು ಇರಲ್ಲ ಅಂದ್ರು. ಹೆಂಡ್ತಿಗೆ ಇನ್ನೂ ಹೇಳಿಲ್ಲ.